ಮಂಡಕ್ಕಿಗೆ ಪೆಟ್ರೋಲ್ ವಾಸನೆ

ನವೆಂಬರ್ 18, 2025, ಮಂಗಳವಾರ
ದಾವಣಗೆರೆ

ಶನಿವಾರ ಹರಿಹರದ ಅಂಗಡಿಯಿಂದ ಎಂಟು ಚೀಲ ಮಂಡಕ್ಕಿ ವಾಪಸ್ ಬಂತು. ಇಷ್ಟು ವರ್ಷದಲ್ಲಿ ಅಲ್ಲಿಂದ ಒಂದು ಚೀಲವೂ ವಾಪಸ್ ಬಂದಿರಲಿಲ್ಲ. ಅಂಗಡಿ ಕಾಕಾ ಬೈಯಲೂ ಇಲ್ಲ. "ತಮ್ಮಾ, ನೀನೇ ಒಂದು ಹಿಡಿ ತಿಂದು ನೋಡು" ಅಂದರು, ಅಷ್ಟೇ. ತಿಂದೆ. ಮೊದಲು ಏನೂ ಗೊತ್ತಾಗಲಿಲ್ಲ. ನುಂಗುವಾಗ ಮಾತ್ರ ಗಂಟಲಲ್ಲಿ ಪೆಟ್ರೋಲ್ ಬಂಕೇ ಬಂದು ಕೂತಂಗಾಯ್ತು.

ಮಂಡಕ್ಕಿ ಅಂಥ ಪದಾರ್ಥ. ಒಳಗೆ ಬರೀ ಗಾಳಿ. ಪಕ್ಕದಲ್ಲಿ ಊದುಬತ್ತಿ ಇಟ್ಟರೆ ಊದುಬತ್ತಿ, ಸೀಮೆಎಣ್ಣೆ ಇಟ್ಟರೆ ಸೀಮೆಎಣ್ಣೆ. ಮಂಡಕ್ಕಿ ಭಟ್ಟಿಯಿಂದ ವ್ಯಾನಿಗೆ ಚೀಲ ತುಂಬಿಕೊಂಡು ಗಾಜು ಏರಿಸಿಕೊಂಡೇ ಹೋಗುತ್ತೇನೆ. ಈಗ ಮೆಕ್ಕೆಜೋಳದ ಕಾಲ, ಹಳ್ಳಿ ರಸ್ತೆ ತುಂಬ ಒಣಗಲು ಹಾಕಿದ ಜೋಳ, ಅದರ ಧೂಳು. ಬಾಗಿಲು, ಗಾಜು ಎಲ್ಲಾ ಮುಚ್ಚಿದ ವ್ಯಾನು. ಹರಿಹರ ಮುಟ್ಟುವಷ್ಟರಲ್ಲಿ ಮಂಡಕ್ಕಿ ವಾಸನೆ ಕುಡಿದು ಕೂತಿರುತ್ತದೆ.

ನಾಚಿಕೆಯ ವಿಷಯ ಅಂದರೆ, ವಾಸನೆ ಬರುತ್ತಿದ್ದುದು ನನಗೆ ಗೊತ್ತಿತ್ತು. ದಸರಾ ಹೊತ್ತಿಗೇ ಶುರುವಾಗಿತ್ತು. ಹಳೇ ಗಾಡಿ, ಕಾರ್ಬೊರೇಟರ್ ಗಾಡಿ, ಸ್ವಲ್ಪ ವಾಸನೆ ಇದ್ದಿದ್ದೇ ಅಂತ ಸುಮ್ನಿದ್ದೆ. ಆಮೇಲೆ ಮೂಗು ಒಗ್ಗಿಹೋಯಿತು. ಬರುತ್ತಿಲ್ಲ ಅಂದುಕೊಂಡೆ. ಅದು ಬರುತ್ತಲೇ ಇತ್ತು.

ನಮ್ಮದು 1998ರ ಮಾರುತಿ ಓಮ್ನಿ ವ್ಯಾನು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ಜಿಲ್ಲೆಗಿಂತ ವ್ಯಾನು ಒಂದೇ ವರ್ಷ ಚಿಕ್ಕದು. ಅಪ್ಪಾಜಿ ಕೊಂಡಿದ್ದು. ಓಮ್ನಿ ತಯಾರಾಗುವುದೇ 2019ಕ್ಕೆ ನಿಂತುಹೋಯಿತು, ಆದರೂ ಮಂಡಕ್ಕಿಗೆ ಇದರಷ್ಟು ಒಳ್ಳೇ ಗಾಡಿ ಇಲ್ಲ. ತೂಕ ಇಲ್ಲದ ಮಾಲು, ಜಾಗ ಜಾಸ್ತಿ ಬೇಕು, ಅಲ್ವಾ? ಒಂದೇ ತೊಂದರೆ: ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕಾರಿನಲ್ಲಿ ಲೀಕಾದರೆ ಬಾನೆಟ್ ಒಳಗೆ ಆಗುತ್ತದೆ. ಇದರಲ್ಲಿ ನಮ್ಮ ತೊಡೆ ಕೆಳಗೇ.

ಭಾನುವಾರ ಪಕ್ಕದ ಬೀದಿಯ ಮೇಸ್ತ್ರಿ ಚಾಚಾನ್ನ ಕರೆದುಕೊಂಡು ಬಂದೆ. ಗ್ಯಾರೇಜ್ ಮಗನಿಗೆ ಬಿಟ್ಟಿದ್ದಾರೆ, ಆದರೆ ಹಳೇ ಗಾಡಿ ಅಂದರೆ ಈಗಲೂ ಎದ್ದು ಬರುತ್ತಾರೆ. ಬಾಯಲ್ಲಿದ್ದ ಬೀಡಿಯನ್ನು ಗೇಟಿನ ಆಚೆಯೇ ಕಾಲಲ್ಲಿ ಹೊಸಕಿದರು. ಗಾಡಿ ಮುಟ್ಟಲಿಲ್ಲ. ಮೊದಲು ಕೇಳಿದ್ದು, "ವಾಸನೆ ಯಾವಾಗ ಬರುತ್ತೆ?"

ಇದೂ ಒಂದು ಕೇಳುವ ಪ್ರಶ್ನೆಯಾ ಅನ್ನಿಸಿತು. ಆಮೇಲೆ ಗೊತ್ತಾಯಿತು, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ, ಅದರಲ್ಲೂ ತಿರುವಿನಲ್ಲಿ ಬಂದರೆ ಟ್ಯಾಂಕಿನ ಮೇಲ್ಭಾಗ ನೋಡಬೇಕು. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಬರುವ ದಪ್ಪ ರಬ್ಬರ್ ಪೈಪು, ಗಾಳಿ ಪೈಪು, ಮುಚ್ಚಳದ ವಾಷರ್. ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಬಿಸಿ ಇರುವಾಗ ಬಂದರೆ ಕಾರ್ಬೊರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಭಾಗ. ಒಳಗೆ ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಕೂರದೆ ಪೆಟ್ರೋಲ್ ತುಂಬಿ ಚೆಲ್ಲುತ್ತಿರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ದೂಡಲು ಒಂದು ಪಂಪು ಇರುತ್ತದೆ; ಓಡುವಾಗ ಬಂದರೆ ಆ ಪಂಪು ದೂಡುವ ಕಡೆಯ ಪೈಪು. ಪಂಪು ಎಳೆಯುವ ಕಡೆ ಬಿರುಕು ಬಿಟ್ಟರೆ ಇನ್ನೂ ಮಜಾ, ಓಡುವಾಗ ಹನಿ ಬೀಳುವುದೇ ಇಲ್ಲ. ಗಾಳಿ ಎಳೆದುಕೊಂಡು ಏರಿನಲ್ಲಿ ಗಾಡಿ ಕೆಮ್ಮುತ್ತದೆ ಅಷ್ಟೇ.

ನಮ್ಮದು ಓಡುವಾಗ.

ವ್ಯಾನನ್ನು ಬಯಲಿಗೆ ತಂದು ಬಾಗಿಲೆಲ್ಲ ತೆಗೆದಿಟ್ಟೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದುಕೊಂಡು ತಗ್ಗಿನಲ್ಲಿ ನಿಂತಿರುತ್ತದೆ. ಅದಕ್ಕೇ ಮೂಗಿಗೆ ಬರದಿದ್ದರೂ ಕಾಲ ಹತ್ತಿರ ಕಿಡಿ ಸಾಕು. ಸೀಟು ಎತ್ತಿ, ಪೈಪುಗಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಗಾಡಿ ಸ್ಟಾರ್ಟ್ ಮಾಡಿ ಟಾರ್ಚ್ ಬಿಟ್ಟೆ. ಒಂದು ನಿಮಿಷ ಏನಿಲ್ಲ. ಎರಡು ನಿಮಿಷ, ಏನಿಲ್ಲ. ಆಮೇಲೆ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಗೇಣುದ್ದದ ಪೈಪಿನ ತುದಿಯಲ್ಲಿ, ಪೈಪು ಬಿಗಿಯುವ ಕ್ಲಾಂಪಿನ ಅಂಚಿಗೆ, ರಬ್ಬರ್ ಸ್ವಲ್ಪ ಕಪ್ಪಾಗಿ ಒದ್ದೆಯಾಯಿತು. ಹನಿ ಆಗುವ ಮುಂಚೆಯೇ ಎಂಜಿನ್ ಬಿಸಿಗೆ ಆರಿಹೋಗುತ್ತಿತ್ತು. ಇನ್ನೊಮ್ಮೆ ಒದ್ದೆ, ಇನ್ನೊಮ್ಮೆ ಮಾಯ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ದಸರಾದಿಂದ ನಾನು ಗಾಡಿ ಕೆಳಗೆ ಬಗ್ಗಿ ನೋಡಿ "ಲೀಕಿಲ್ಲ" ಅಂದುಕೊಂಡಿದ್ದು ಇದನ್ನೇ.

ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದ ಮೇಲೆಯೇ ಚಾಚಾ ಪಾನಾ ಕೈಗೆ ತಗೊಂಡರು. ಪೈಪು ಹೊರಗೆ ಬಂತು. ನೋಡಿದರೆ ಏನೂ ಆಗಿಲ್ಲ. ಬೆರಳಿಗೆ ಸುತ್ತಿ ಬಗ್ಗಿಸಿದಾಗ ಹೊರಮೈ ತುಂಬ ಕೂದಲಿನಷ್ಟು ಸಣ್ಣ ಗೆರೆಗಳು ಬಾಯಿ ತೆರೆದವು, ಬಿರುಕು ಬಿಟ್ಟ ಹಿಮ್ಮಡಿ ಥರ. ಕ್ಲಾಂಪ್ ಕೂತ ಜಾಗದಲ್ಲಿ ರಬ್ಬರನ್ನೇ ಕೊರೆದಿತ್ತು. ಅದು ನನ್ನದೇ ಕೆಲಸ. ಹೋದ ವರ್ಷ ಸ್ಕ್ರೂ ಡ್ರೈವರ್ ಹಾಕಿ ಕೈಲಾದಷ್ಟು ತಿರುವಿದ್ದೆ, ಬಿಗಿ ಇದ್ದಷ್ಟೂ ಒಳ್ಳೇದು ಅಂತ.

ಇನ್ನೊಂದು ಪೈಪಂತೂ ನೋಡಿ ಚಾಚಾ ನಕ್ಕೇಬಿಟ್ಟರು. ಯಾವುದೋ ಊರಲ್ಲಿ ಗಾಡಿ ಕೆಟ್ಟು ನಿಂತಾಗ ಯಾರೋ ಹಾಕಿಕೊಟ್ಟ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಹಳದಿಯಾಗಿ ಬಳೆಯಷ್ಟು ಗಟ್ಟಿಯಾಗಿತ್ತು. ಬಗ್ಗಿಸಿದರೆ ಲಟಕ್ ಅಂತ ಮುರಿಯಿತು.

"ಬೇಟಾ, ಐದು ವರ್ಷ ಆದರೆ ನೋಡೋಕೆ ಚೆನ್ನಾಗಿದ್ದರೂ ಬಿಚ್ಚಿ ಬಿಸಾಕು" ಅಂದರು. ಗಾಡಿ ಓಡಲಿ, ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ.

ಈಗ ಅದಕ್ಕೆ ಇನ್ನೊಂದು ಸೇರಿದೆ. ಬಂಕಿನಲ್ಲಿ ಸಿಗುವುದು ಇ20, ನೂರರಲ್ಲಿ 20 ಪಾಲು ಎಥೆನಾಲ್. 2030ಕ್ಕೆ ಅಂತಿದ್ದ ಗುರಿಯನ್ನು 2025ಕ್ಕೇ ಎಳೆದು ತಂದರು. 1998ರಲ್ಲಿ ರಬ್ಬರ್ ಮಾಡಿದವರಿಗೆ ಇದೆಲ್ಲ ಎಲ್ಲಿ ಗೊತ್ತು? ಹಳೇ ಥರದ ರಬ್ಬರು ಎಥೆನಾಲಿಗೆ ಉಬ್ಬುತ್ತದೆ, ಆಮೇಲೆ ಒಣಗಿದಾಗ ಬಿರುಕು ಬಿಡುತ್ತದೆ. ಮೇಲಾಗಿ ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ತಗಡಿನ ಟ್ಯಾಂಕಿಗೆ ತುಕ್ಕು. ಎಥೆನಾಲನ್ನು ಕಬ್ಬಿನಿಂದ ಮಾಡುತ್ತಾರೆ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ನಮ್ಮ ರಸ್ತೆ ಮೇಲೆ ಒಣಗುತ್ತಿರುವ ಜೋಳವೇ ಸುತ್ತಿ ಬಂದು ನನ್ನ ಪೈಪು ತಿನ್ನುತ್ತಿದೆಯೋ ಏನೋ!

ಸೋಮವಾರ ಪಿ.ಬಿ. ರಸ್ತೆಯಲ್ಲಿ ಪೈಪು ಹುಡುಕಿದೆ. ಮೊದಲ ಅಂಗಡಿಯವನು ನೀರಿನ ಪೈಪಿನಂಥದ್ದನ್ನೇ ಕತ್ತರಿಸಿ ಕೊಡಲು ಹೊರಟ. ಚಾಚಾ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರಬೇಕು, ಅದು ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು. ಅದರ ಒಳಪದರ ಬೇರೆ ರಬ್ಬರಿನದು, ಎಥೆನಾಲ್ ತಡೆಯುತ್ತದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ರೇಟು ಜಾಸ್ತಿಯೇ, ಆದರೆ ಎಂಟು ಚೀಲ ಮಂಡಕ್ಕಿಗಿಂತ ಕಡಿಮೆ. ಕ್ಲಾಂಪೂ ಹೊಸದು, ಅಂಚು ಮೇಲಕ್ಕೆ ಮಡಚಿದ್ದು, ರಬ್ಬರ್ ಕೊರೆಯುವುದಿಲ್ಲ.

ಪೆಟ್ರೋಲ್ ಹೋಗುವ ಪೈಪು, ವಾಪಸ್ ಬರುವ ಪೈಪು, ಟ್ಯಾಂಕಿನ ಬಾಯಿ ಪೈಪು ಎಲ್ಲಾ ಬದಲಾಯಿಸಿದೆವು. ಫಿಲ್ಟರ್ ಕೂಡ, ಬಾಣದ ಗುರುತು ಎಂಜಿನ್ ಕಡೆಗೆ. ಚಾಚಾ ಎಂಜಿನ್ ಆಯಿಲ್ ಅಳೆಯುವ ಕಡ್ಡಿ ತೆಗೆದು ಮೂಸಿದರು. ಪಂಪಿನ ಒಳಗಿನ ಪೊರೆ ಹರಿದಿದ್ದರೆ ಪೆಟ್ರೋಲ್ ಆಯಿಲಿಗೆ ಇಳಿದು, ಆಯಿಲ್ ಹಾಕದೆಯೇ ಜಾಸ್ತಿಯಾಗಿರುತ್ತದಂತೆ. ನಮ್ಮದು ಸರಿ ಇತ್ತು. ಟ್ಯಾಂಕಿನ ಪಟ್ಟಿ ಸಂದಿಯಲ್ಲಿ ಹಳೇ ಮಳೆಗಾಲಗಳ ಮಣ್ಣು ಹೆಪ್ಪುಗಟ್ಟಿತ್ತು. ಕೆರೆದು ತೆಗೆದೆವು, ಮಣ್ಣಿನಡಿ ತುಕ್ಕು ಈಗಷ್ಟೇ ಶುರು. ಟ್ಯಾಂಕ್ ತೂತಾದರೆ ದಾರಿಯಲ್ಲಿ ಬಟ್ಟೆ ಸೋಪು ತಿಕ್ಕಿ ಊರು ಮುಟ್ಟಬಹುದು, ಲಾರಿಯವರು ಮಾಡುತ್ತಾರೆ. ಆದರೆ ವೆಲ್ಡಿಂಗ್ ಮಾತ್ರ ಬೇಡ ಅಂದರು ಚಾಚಾ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆಲ್ಲ ಆವಿ.

ಹೊಸ ಪೈಪಿನ ಮೇಲೆ ಬಿಳಿ ಪೇಂಟಲ್ಲಿ 11/25 ಅಂತ ಬರೆದೆ.

ರಾತ್ರಿ ಹತ್ತು ನಿಮಿಷ ಎಂಜಿನ್ ಓಡಿಸಿ ಆರಿಸಿದೆ. ಗಾಡಿ ಕೆಳಗೆ ಒಂದು ರಟ್ಟು ಹಾಸಿದೆ. ಒಳಗೆ ಒಂದು ಚೀಲ ಹೊಸ ಮಂಡಕ್ಕಿ ಬಾಯಿ ಬಿಚ್ಚಿಟ್ಟು ಬಾಗಿಲು ಮುಚ್ಚಿದೆ. ವಾಪಸ್ ಬಂದ ಎಂಟು ಚೀಲ ಎಮ್ಮೆಗೆ ಹಾಕೋಣ ಅಂದರೆ ಅವ್ವ ಬಿಡಲಿಲ್ಲ, ಹಾಲೂ ಪೆಟ್ರೋಲ್ ಆಗಲಾ ಅಂದಳು.

ಬೆಳಿಗ್ಗೆ ರಟ್ಟಿನ ಮೇಲೆ ಒಂದೇ ಕಲೆ, ಕಪ್ಪು, ಜಿಡ್ಡು. ಅದು ಎಂಜಿನ್ ಆಯಿಲ್. ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ, ಬರುವ ಮುಂಚೆ ಅದನ್ನೂ ನೋಡಬೇಕು. ನನ್ನ ಮೂಗಿನ ಮೇಲೆ ನಂಬಿಕೆ ಇಲ್ಲ, ಅವ್ವನಿಗೇ ಮಂಡಕ್ಕಿ ಕೊಟ್ಟೆ. ನಿಧಾನಕ್ಕೆ ಅಗಿದಳು. "ಉಪ್ಪು ಕಡಿಮೆ" ಅಂದಳು.

ಹರಿಹರದ ಕಾಕಾಗೆ ಫೋನ್ ಮಾಡಿದೆ. "ನಾಳೆ ಹದಿನಾರು ಚೀಲ ತಗೊಂಡು ಬಾ, ಎಂಟಕ್ಕೆ ದುಡ್ಡು ಕೊಡ್ತೀನಿ" ಅಂದರು. ಹೂಂ ಅಂದೆ.