ಟರ್ಬೊ ಅಲ್ಲ, ರಬ್ಬರು

ಹಳೆಯ ಟರ್ಬೊ ಕಾರು ಇಟ್ಟುಕೊಂಡಿದ್ದೇನೆ ಅಂದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: "ಟರ್ಬೊ ಹೋದರೆ ಏನು ಮಾಡ್ತೀರಿ?" ಕೇಳುವುದರಲ್ಲಿ ತಪ್ಪೇನಿಲ್ಲ. ಟರ್ಬೊ ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಯಂತ್ರ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುವ ಶಾಫ್ಟು. ಅದರ ಒಂದು ತುದಿಗೆ 800–900 ಡಿಗ್ರಿ ಮುಟ್ಟಬಲ್ಲ ಹೊಗೆ, ಇನ್ನೊಂದು ತುದಿಗೆ ಇಂಜಿನ್ನಿಗೆ ಹೋಗುವ ಗಾಳಿ, ನಡುವೆ ತೆಳ್ಳನೆಯ ಆಯಿಲ್ ಪದರ. ವಿವರಣೆ ಕೇಳಿದರೇ ಇವತ್ತೋ ನಾಳೆಯೋ ಕೈಕೊಡುವ ವಸ್ತು ಅನ್ನಿಸುತ್ತದೆ. ಆದರೆ ನನ್ನ ಕಾರಿನ ಟರ್ಬೊ ಈವರೆಗೆ ಒಂದು ಸಲವೂ ರಗಳೆ ಮಾಡಿಲ್ಲ. ನನ್ನ ರಜಾದಿನಗಳನ್ನು ತಿಂದದ್ದೆಲ್ಲ ಅದರ ಸುತ್ತ ಇರುವ ರಬ್ಬರು.

ಕಾರು ಪೋರ್ಶೆ 944 ಟರ್ಬೊ, 1986ರ ಮಾಡೆಲ್ಲು. 2.5 ಲೀಟರ್, ನಾಲ್ಕು ಸಿಲಿಂಡರ್, ಎಂಟೇ ವಾಲ್ವು, 220 ಅಶ್ವಶಕ್ತಿ. ಇವತ್ತು ಇಷ್ಟು ಶಕ್ತಿ ಮನೆಮಂದಿಯ ಕಾರುಗಳಲ್ಲೂ ಸಿಗುತ್ತದೆ, ಹಾಗಾಗಿ ಆ ಅಂಕಿ ಹೇಳಿಕೊಂಡು ಜಂಬ ಪಡುವ ಹಾಗಿಲ್ಲ. ನನ್ನನ್ನು ಹಿಡಿದದ್ದು ಬೇರೆ. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ, ಎರಡನ್ನೂ ಜೋಡಿಸುವ ಉದ್ದನೆಯ ಕೊಳವೆಯೊಳಗೆ ತಿರುಗುವ ಶಾಫ್ಟು. ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮನಾಗಿ ಕೂತಿದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಇಡೀ ಗಾಡಿ ಒಟ್ಟಿಗೇ ತಿರುಗುತ್ತದೆ, ಮೂತಿ ಮೊದಲು ಹೋಗಿ ಬಾಲ ಆಮೇಲೆ ಬರುವುದಿಲ್ಲ.

ಕೊಳ್ಳುವಾಗ ನನ್ನ ಮುಂದೆ ಎರಡು ಗಾಡಿಗಳಿದ್ದವು. ಒಂದು ಕಡಿಮೆ ಓಡಿದ್ದು, ವರ್ಷಗಟ್ಟಲೆ ಶೆಡ್ಡಿನಲ್ಲಿ ಹೊದಿಕೆಯಡಿ ಮಲಗಿದ್ದು, ಪೇಂಟು ಮುಖ ನೋಡಿಕೊಳ್ಳುವಷ್ಟು ಹೊಳಪು. ಇನ್ನೊಂದು ಎರಡು ಲಕ್ಷ ಕಿಲೋಮೀಟರ್ ದಾಟಿದ್ದು, ಡ್ಯಾಶ್‌ಬೋರ್ಡಿನ ಮೇಲೆ ಉದ್ದುದ್ದ ಸೀಳು, ಡ್ರೈವರ್ ಸೀಟಿನ ಅಂಚು ಸವೆದು ಒಳಗಿನ ಫೋಮು ಇಣುಕುತ್ತಿತ್ತು. ಎರಡನೆಯದರ ಜೊತೆ ಒಂದು ದಪ್ಪ ಫೈಲು ಬಂತು: ಯಾವ ತಿಂಗಳಲ್ಲಿ ಆಯಿಲ್ ಬದಲಾಯಿತು, ಯಾವ ವರ್ಷ ಬೆಲ್ಟು ಹಾಕಿದರು, ಕ್ಲಚ್ ಯಾವಾಗ ಬಿಚ್ಚಿದರು, ಎಲ್ಲದಕ್ಕೂ ಬಿಲ್ಲು. ನಾನು ಎರಡನೆಯದನ್ನೇ ತಂದೆ. ನೋಡಿದವರೆಲ್ಲ ಮೊದಲನೆಯದರ ಕಡೆಗೇ ಕೈ ತೋರಿಸಿದ್ದರು.

ಕಾರಣ ಸರಳ. ಕಬ್ಬಿಣ ಸವೆಯುವುದು ಓಡಿದರೆ. ರಬ್ಬರು ಓಡಿದರೂ ಸಾಯುತ್ತದೆ, ನಿಂತರೂ ಸಾಯುತ್ತದೆ. ಈ ಇಂಜಿನ್ನಿನಲ್ಲಿ ಎರಡು ಬೆಲ್ಟುಗಳಿವೆ. ಒಂದು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿರುಗಿಸುತ್ತದೆ, ಇನ್ನೊಂದು ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟುಗಳನ್ನು. (ಈ ಬ್ಯಾಲೆನ್ಸ್ ಶಾಫ್ಟಿನ ವಿನ್ಯಾಸಕ್ಕೆ ಪೋರ್ಶೆಯವರು ಮಿತ್ಸುಬಿಷಿಯಿಂದ ಲೈಸೆನ್ಸ್ ಪಡೆದಿದ್ದರು, ಬ್ರಾಂಡಿನ ಮೇಲೆ ಅತಿಯಾದ ಭಕ್ತಿ ಇರುವವರಿಗೆ ಇದನ್ನು ಹೇಳಿ ಮುಖ ನೋಡುವುದು ನನಗಿಷ್ಟ.) ಕ್ಯಾಮ್ ಬೆಲ್ಟು ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಅಲ್ಲಿಗೆ ಸಿಲಿಂಡರ್ ಹೆಡ್ಡಿನ ಕತೆ ಮುಗಿಯಿತು. ಶೆಡ್ಡಿನಲ್ಲಿ ಮಲಗಿದ್ದ ಗಾಡಿಯ ಬೆಲ್ಟು ಯಾವಾಗಿನದು ಎಂದು ಕೇಳಿದ್ದಕ್ಕೆ ಮಾಲೀಕರು, "ಗಾಡಿ ಓಡೇ ಇಲ್ವಲ್ಲ, ಬೆಲ್ಟಿಗೇನಾಗತ್ತೆ?" ಅಂದರು. ಅಲ್ಲಿಂದ ನಮಸ್ಕಾರ ಹೇಳಿ ಎದ್ದೆ.

ಎರಡನೆಯ ಗಾಡಿ ನೋಡಲು ಹೋಗುವ ಮುಂಚೆ ಫೋನಿನಲ್ಲಿ ಕೇಳಿಕೊಂಡದ್ದು ಒಂದೇ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದವನೇ ಬಾನೆಟ್ ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಬಿಸಿ ಇಂಜಿನ್ ತನ್ನ ಕಾಯಿಲೆಗಳನ್ನೆಲ್ಲ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಆಯಿಲ್ ಉರಿದ ನೀಲಿ ಹೊಗೆ ಬರುತ್ತದೋ ಇಲ್ಲವೋ, ಆಯಿಲ್ ಪ್ರೆಶರ್ ಎಷ್ಟು ಬೇಗ ಏರುತ್ತದೆ, ಮೇಲಿನ ಭಾಗದಲ್ಲಿ ಕಟಕಟ ಇದೆಯೋ, ಎಲ್ಲ ಬಯಲಾಗುತ್ತದೆ. ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸಿದೆ. ಈ ಇಂಜಿನ್ನಿನಲ್ಲಿ ಆಯಿಲ್ ತಣ್ಣಗಾಗುವುದು ಕೂಲೆಂಟಿನ ಪಕ್ಕದಲ್ಲೇ. ಎರಡರ ನಡುವಿನ ಸೀಲು ಸೋತರೆ ಕಂದು ಬಣ್ಣದ ಜಿಡ್ಡು ಡಬ್ಬಿಯ ಗೋಡೆಗೆ ಅಂಟಿರುತ್ತದೆ. ಬೆರಳಿಗೆ ಏನೂ ಅಂಟಲಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಹಿಂಡಿದಾಗ ಏಳುವ ಒತ್ತಡ) ಹೆಚ್ಚುಕಡಿಮೆ ಒಂದೇ ಬಂತು.

ಕೊನೆಗೆ ಒಂದು ಸುತ್ತು ಓಡಿಸಿ ತಂದು, ಇಂಜಿನ್ ಆಫ್ ಮಾಡಿ, ಸುಮ್ಮನೆ ಕಿವಿಗೊಟ್ಟು ನಿಂತೆ. ಮುಂದಿನಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು. ಅದು ವಿದ್ಯುತ್ ಪಂಪು. ಇಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ಟರ್ಬೊ ಬೇರಿಂಗ್ ಸುತ್ತ ಕೂಲೆಂಟ್ ಓಡಿಸುತ್ತದೆ. ಅದಿಲ್ಲದಿದ್ದರೆ ನಿಂತ ಆಯಿಲ್ ಆ ಬಿಸಿಗೆ ಸೀದು ಇದ್ದಿಲಾಗಿ ಬೇರಿಂಗಿಗೆ ಅಂಟುತ್ತದೆ. ಮಾಲೀಕರಿಗೆ ಆ ಸದ್ದು ಯಾಕೆ ಬರುತ್ತದೆಂದು ಗೊತ್ತಿತ್ತು, ನಾನು ಕೇಳುವ ಮೊದಲೇ ಹೇಳಿದರು. ನನಗೆ ಗಾಡಿಗಿಂತ ಹೆಚ್ಚು ನಂಬಿಕೆ ಬಂದದ್ದು ಆ ಮಾತಿನಿಂದ.

ಓಡಿಸುವ ಸುಖದ ಬಗ್ಗೆ ಎರಡು ಮಾತು. ಮೂರು ಸಾವಿರ ಆರ್‌ಪಿಎಂ ತನಕ ಇದು ಸಾಧು ಪ್ರಾಣಿ. ಸಿಲಿಂಡರಿನೊಳಗೆ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಕಂಪ್ರೆಶನ್ ರೇಶಿಯೊ ಬರೀ 8:1, ಟರ್ಬೊ ಎಚ್ಚರಗೊಳ್ಳುವ ತನಕ ಇಂಜಿನ್ನಿಗೆ ಸ್ವಂತ ಕಸುವು ಕಡಿಮೆ. ಕಾಲು ಒತ್ತಿದರೂ ಏನೂ ಆಗುವುದಿಲ್ಲ, ಇನ್ನೂ ಏನೂ ಆಗುವುದಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ಆಗುತ್ತದೆ. ಇವತ್ತಿನ ಸಣ್ಣ ಟರ್ಬೊಗಳಲ್ಲಿ ಈ ಕಾಯುವಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವು ಒಳ್ಳೆಯ ಕಾರುಗಳು, ಒಪ್ಪುತ್ತೇನೆ. ಆದರೆ ತಿರುವಿನ ನಡುವೆಯೇ ಮುಂದಾಲೋಚಿಸಿ ಕಾಲಿಟ್ಟು, ತಿರುವು ಮುಗಿಯುವ ಹೊತ್ತಿಗೆ ಸರಿಯಾಗಿ ಬೂಸ್ಟು (ಟರ್ಬೊ ಒತ್ತುವ ಗಾಳಿಯ ಒತ್ತಡ) ಬಂದರೆ ಸಿಗುವ ಖುಷಿ ಅವುಗಳಲ್ಲಿಲ್ಲ.

ಈಗ ಅಸಲು ವಿಷಯ. ತಂದು ಸುಮಾರು ದಿನವಾದ ಮೇಲೆ ಗಾಡಿಯ ಪಿಕಪ್ಪು ಮಂಕಾಯಿತು. ಈ ಕಾರಿನ ಬೂಸ್ಟ್ ಮೀಟರು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಇಂಜಿನ್ ಆಫ್ ಇದ್ದಾಗಲೂ ಮುಳ್ಳು 1 ಬಾರ್ ಹತ್ತಿರ ಇರುತ್ತದೆ. ಪೂರ್ತಿ ಕಾಲು ಒತ್ತಿದರೆ ಸುಮಾರು 1.75ಕ್ಕೆ ಹೋಗಬೇಕು. ನನ್ನದು 1.4ರಲ್ಲೇ ನಿಲ್ಲುತ್ತಿತ್ತು. ಐಡಲ್‌ನಲ್ಲಿ (ಕಾಲು ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ) ಆರ್‌ಪಿಎಂ ಏರಿಳಿತ. ಹಿಂದೆ ಬರುತ್ತಿದ್ದ ಗೆಳೆಯ ಫೋನ್ ಮಾಡಿ, "ಕಪ್ಪು ಹೊಗೆ ಬಿಡ್ತಿದೆಯಲ್ಲೋ" ಅಂದ. ಒಂದು ವರ್ಕ್‌ಶಾಪಿಗೆ ಒಯ್ದರೆ ಬಾನೆಟ್ ಎತ್ತುವ ಮುಂಚೆಯೇ ಟರ್ಬೊ ಬದಲಿಸಬೇಕು ಎಂಬ ತೀರ್ಪು ಬಂತು.

ನನಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ಲಕ್ಷಣಗಳು ಬೇರೆಯೇ ಹೇಳುತ್ತಿದ್ದವು. ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಮೀಟರು ಗಾಳಿಯ ದಾರಿಯಲ್ಲಿ ಟರ್ಬೊಗಿಂತ ಮೊದಲೇ ಇದೆ. ಅಲ್ಲಿ ಅಳೆದ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲ್ ಹಾಕುತ್ತದೆ. ಆಮೇಲೆ ದಾರಿಯಲ್ಲಿ ಎಲ್ಲೋ ತೂತಿದ್ದರೆ? ಬೂಸ್ಟ್ ಬಂದಾಗ ಅಳೆದ ಗಾಳಿ ಹೊರಗೆ ಸೋರುತ್ತದೆ, ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ. ಐಡಲ್‌ನಲ್ಲಿ ಒಳಗೆ ನಿರ್ವಾತ, ಅದೇ ತೂತಿನಿಂದ ಅಳೆಯದ ಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲ್ ಸಾಲದೆ ಆರ್‌ಪಿಎಂ ಕುಣಿಯುತ್ತದೆ. ಒಂದೇ ತೂತು, ಎರಡು ತದ್ವಿರುದ್ಧ ಕಾಯಿಲೆ. ಟರ್ಬೊ ಹೋಗಿದ್ದರೆ ನೀಲಿ ಹೊಗೆಯೋ ಸೈರನ್ನಿನಂಥ ಕೂಗೋ ಬರಬೇಕಿತ್ತು.

ಹೊಗೆ ನೋಡಿದ ಅದೇ ಗೆಳೆಯನನ್ನು ಭಾನುವಾರ ಬೆಳಿಗ್ಗೆ ಕರೆದೆ. ಅವನು ಒಂದು ಕಾಲಕ್ಕೆ ಫ್ಯೂಯೆಲ್ ಇಂಜೆಕ್ಷನ್ ರಿಪೇರಿ ಮಾಡುತ್ತಿದ್ದವನು, ಕೈ ಕೊಳೆ ಮಾಡಿಕೊಳ್ಳಲು ನೆಪ ಸಿಕ್ಕರೆ ಸಾಕು. ಪ್ಲಂಬಿಂಗ್ ಪೈಪಿನ ಮುಚ್ಚಳವೊಂದಕ್ಕೆ ತೂತು ಕೊರೆದು, ಟಯರಿನ ವಾಲ್ವ್ ಸಿಕ್ಕಿಸಿ, ಏರ್ ಮೀಟರ್ ಬಿಚ್ಚಿ ಆ ಬಾಯಿಗೆ ಇದನ್ನು ಕ್ಲ್ಯಾಂಪ್ ಹಾಕಿ ಬಿಗಿದೆವು. ಕಂಪ್ರೆಸರಿನಿಂದ ಮೆಲ್ಲಗೆ ಅರ್ಧ ಬಾರ್, ಆಮೇಲೆ 0.7. ಅದಕ್ಕಿಂತ ಮೇಲೆ ಬೇಡ ಅಂದ ಅವನು, "ಸೀಲು ಗೀಲು ಹಾರಿಹೋದಾವು."

ಕೂಡಲೇ ಎಲ್ಲ ಕಡೆಯಿಂದ ಬುಸುಗುಟ್ಟುವ ಸದ್ದು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಜಾಯಿಂಟು ಜಾಯಿಂಟಿಗೂ ಹೊಡೆದೆವು. ಟರ್ಬೊಗೆ ಗಾಳಿ ಒಯ್ಯುವ ಬಾಗಿದ ರಬ್ಬರಿನ ಕ್ಲ್ಯಾಂಪಿನ ಕೆಳಗೆ ಗುಳ್ಳೆ ಬಂತು, ಬಿಗಿ ಮಾಡಿದೆವು, ನಿಂತಿತು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಒಂದು ಜಾಯಿಂಟಿನಲ್ಲಿ ಸಣ್ಣ ಗುಳ್ಳೆ, ಅದೂ ಆಯಿತು. ಆದರೂ ಬುಸ್ ಅನ್ನುವುದು ನಿಲ್ಲಲಿಲ್ಲ, ಮತ್ತು ಗುಳ್ಳೆ ಎಲ್ಲೂ ಕಾಣಲಿಲ್ಲ. ಗೆಳೆಯ ಒಂದು ಉದ್ದನೆಯ ಪೈಪಿನ ತುಂಡು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಇಂಜಿನ್ ಮೇಲೆ ಆಡಿಸುತ್ತ ಹೋದ. ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಅಡಿಗೆ ಬಂದಾಗ ಅವನ ಹುಬ್ಬು ಏರಿತು. "ಇಲ್ಲೇ ಇದೆ ನೋಡೋ. ಬಿಚ್ಚಬೇಕು."

ಮ್ಯಾನಿಫೋಲ್ಡ್ ಬಿಚ್ಚುವುದೆಂದರೆ ಫ್ಯೂಯೆಲ್ ರೈಲು, ಇಂಜೆಕ್ಟರುಗಳು, ಥ್ರಾಟಲ್ ಕೇಬಲ್ಲು ಎಲ್ಲ ಕಳಚಬೇಕು. ಹಿಂಬದಿಯ ಬೋಲ್ಟಿಗೆ ಕಣ್ಣು ಸೇರುವುದಿಲ್ಲ, ಕೈ ಸೇರಿದರೆ ಸ್ಪ್ಯಾನರ್ ಸೇರುವುದಿಲ್ಲ. ಊಟ ಮರೆತೇ ಹೋಯಿತು. ಅಂತೂ ಮ್ಯಾನಿಫೋಲ್ಡ್ ಎತ್ತಿದಾಗ ಕೆಳಗೆ ಐಡಲ್ ವಾಲ್ವು ಕಂಡಿತು, ಮುಷ್ಟಿಯಷ್ಟು ದೊಡ್ಡದು, ಆಯಿಲ್ ಮತ್ತು ಧೂಳು ಸೇರಿ ಕಪ್ಪು ಹಿಟ್ಟು ಮೆತ್ತಿದಂತಿತ್ತು. ಅದಕ್ಕೆ ಸೇರಿದ ರಬ್ಬರ್ ಕೊಳವೆ ಮೇಲಿಂದ ನೋಡಿದರೆ ಸರಿಯಾಗೇ ಇದೆ. ತಿರುಗಿಸಿ ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತಿದೆ. ಕ್ಲ್ಯಾಂಪಿನ ಗೆರೆಗುಂಟ ಸೀಳಿ, ಬಾಯಿ ತೆರೆದುಕೊಂಡಿತು. ಬೆರಳಿನ ಉಗುರು ಒಳಗೆ ಹೋಗುವಷ್ಟು. ಇನ್ನೂ ವಿಚಿತ್ರವೆಂದರೆ ಒಂದೇ ಕೊಳವೆಯ ಒಂದು ತುದಿ ಒಣಗಿದ ಕೊಬ್ಬರಿಯ ಹಾಗೆ ಗಡಸಾಗಿ ತುಂಡು ತುಂಡಾಗಿ ಮುರಿಯುತ್ತಿತ್ತು, ಇನ್ನೊಂದು ತುದಿ ಉಬ್ಬಿ ಮೆತ್ತಗಾಗಿತ್ತು. ಗಡಸಾದದ್ದು ಇಂಜಿನ್ ಬಿಸಿಗೆ, ಮೆತ್ತಗಾದದ್ದು ಇಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿಗೆ. ನಲವತ್ತು ವರ್ಷದ ಹತ್ತಿರ ಬಂದ ರಬ್ಬರಿಗೆ ಯಾರನ್ನೂ ದೂರುವ ಹಾಗಿಲ್ಲ.

ಮ್ಯಾನಿಫೋಲ್ಡ್ ಹೇಗೂ ಹೊರಗಿದೆ, ಕೈಗೆ ಸಿಕ್ಕಿದ ರಬ್ಬರನ್ನೆಲ್ಲ ಬದಲಿಸಿಬಿಡೋಣ ಎಂದು ತೀರ್ಮಾನವಾಯಿತು. ಹೊಸ ಸಾಮಾನು ಬರುವ ತನಕ ಗಾಡಿ ಹಾಗೇ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಸಣ್ಣ ನಿರ್ವಾತದ ಪೈಪುಗಳಿಗೆ ಸಿಲಿಕೋನ್ ಹಾಕಿದೆ. ಪೆಟ್ರೋಲ್ ಪೈಪುಗಳಿಗೆ ಮಾತ್ರ ಸಿಲಿಕೋನ್ ಅಪ್ಪಿತಪ್ಪಿಯೂ ಹಾಕಬಾರದು, ಸಾಮಾನ್ಯ ಸಿಲಿಕೋನ್ ಪೆಟ್ರೋಲನ್ನು ತಡೆಯುವುದಿಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅವಕ್ಕೆ ಇಂಜೆಕ್ಷನ್ ಒತ್ತಡ ತಾಳುವ ಪೈಪನ್ನೇ ತರಿಸಿದೆ. ಇನ್ನೊಂದು ಸಪೂರ ಪೈಪಿದೆ, ಮ್ಯಾನಿಫೋಲ್ಡಿನಿಂದ ಹೊರಟು ಕ್ಯಾಬಿನ್ ಒಳಗಿನ ಕೆಎಲ್‌ಆರ್ ಎಂಬ ಕಂಪ್ಯೂಟರಿಗೆ ಹೋಗುತ್ತದೆ. ಬೂಸ್ಟ್ ಎಷ್ಟಿದೆ ಎಂದು ಅದು ತಿಳಿಯುವುದು ಈ ಪೈಪಿನಿಂದಲೇ. ಇದು ಸೋರಿದರೆ ಡ್ಯಾಶಿನ ಮುಳ್ಳೂ ಸುಳ್ಳು, ಕಂಪ್ಯೂಟರಿನ ಲೆಕ್ಕವೂ ಸುಳ್ಳು.

ಈ ಕೆಎಲ್‌ಆರ್ ಬಗ್ಗೆ ನನಗೆ ವಿಶೇಷ ಗೌರವ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿಕೊಂಡು ಬಂದಾಗ ಇಂಜಿನ್ನಿನ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಹೊತ್ತಿ ಸಿಡಿಯುವುದು) ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಲ್ಲಿ ತುಂಬಿಸಬೇಕಿತ್ತು. ಎಷ್ಟೋ ಮಾಲೀಕರು ತುಂಬಿಸುವುದನ್ನೇ ಮರೆಯುತ್ತಿದ್ದರು. 944ರಲ್ಲಿ ಆ ಕೆಲಸ ಕೆಎಲ್‌ಆರ್‌ದು: ನಾಕಿಂಗ್ ಸೆನ್ಸರಿನಿಂದ ಸುಳಿವು ಬಂದರೆ ಇಗ್ನಿಶನ್ ಟೈಮಿಂಗ್ ಹಿಂದಕ್ಕೆಳೆದು, ಅಂದರೆ ಕಿಡಿಯನ್ನು ಸ್ವಲ್ಪ ತಡವಾಗಿ ಹಾರಿಸಿ, ಬೇಕಿದ್ದರೆ ಬೂಸ್ಟನ್ನೂ ತಗ್ಗಿಸುತ್ತದೆ. ಇಷ್ಟು ಬುದ್ಧಿವಂತ ಪೆಟ್ಟಿಗೆಯ ಕಣ್ಣು ಒಂದು ಸಪೂರ ರಬ್ಬರ್ ಪೈಪು.

ಎಲ್ಲ ಕೂರಿಸಿ ಮತ್ತೆ ಅದೇ ಮುಚ್ಚಳ, ಅದೇ ಕಂಪ್ರೆಸರ್. ಈ ಸಲ ಬುಸ್ ಇಲ್ಲ. ಒತ್ತಡ ಮೆಲ್ಲಗೆ ಇಳಿಯಿತು, ಅದು ಪಿಸ್ಟನ್ ರಿಂಗಿನ ಸಂದು, ತೆರೆದಿದ್ದ ವಾಲ್ವುಗಳ ದಾರಿ; ಪೂರ್ತಿ ನಿಲ್ಲುತ್ತದೆಂದು ಯಾರೂ ಕಾಯಬಾರದು. ಸ್ಟಾರ್ಟ್ ಮಾಡಿದರೆ ಐಡಲ್ ಒಂದೇ ಕಡೆ ಕೂತಿತು.

ಖಾಲಿ ರಸ್ತೆಗೆ ಹೋದೆವು, ನಾನು ಮುಂದೆ, ಅವನು ತನ್ನ ಗಾಡಿಯಲ್ಲಿ ಹಿಂದೆ. ಆಯಿಲ್ ಬಿಸಿಯಾಗುವ ತನಕ ಸುಮ್ಮನೆ ಓಡಿಸಿ, ಆಮೇಲೆ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಇಳಿಸಿದೆ. ಏನೂ ಆಗಲಿಲ್ಲ, ಇನ್ನೂ ಏನೂ ಆಗಲಿಲ್ಲ, ಆಮೇಲೆ ಬೆನ್ನು ಸೀಟಿಗೆ ಅಂಟಿತು. ಮುಳ್ಳು 1.75 ಮುಟ್ಟಿ ನಿಂತಿತು. ಬದಿಗೆ ನಿಲ್ಲಿಸಿ ಅವನು ಬರುವುದನ್ನು ಕಾದೆ. ಕಿಟಕಿ ಇಳಿಸಿದ.

"ಹೊಗೆ?" ಅಂದೆ.

"ಒಂಚೂರೂ ಇಲ್ಲ. ಆದ್ರೆ ಎಡಗಡೆ ಬ್ರೇಕ್ ಲೈಟು ಉರೀತಿಲ್ಲ."