ಕೆಂಪಾದ ಕಿವಿ, ಕುಗ್ಗುವ ಶ್ವಾಸನಾಳ: ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಬಗ್ಗೆ

ಕಿವಿ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡಿದೆ, ದಿಂಬಿಗೆ ತಾಗಿದರೂ ಜೀವ ಹೋಗುವಷ್ಟು ನೋವು. ಆದರೆ ಕೆಳತುದಿಯ ಮೆತ್ತನೆಯ ಹಾಲೆ ಮಾತ್ರ ಎಂದಿನಂತೆಯೇ ಇದೆ. ಮೃದ್ವಸ್ಥಿಗೆ (ಕಿವಿ, ಮೂಗಿಗೆ ಆಕಾರ ಕೊಡುವ ಮೆದುಮೂಳೆ, ಕಾರ್ಟಿಲೇಜ್) ಮತ್ತೆ ಮತ್ತೆ ಉರಿಯೂತ ಬರುವ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಎಂಬ ರೋಗವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಇರುವುದು ಚರ್ಮ ಮತ್ತು ಕೊಬ್ಬು ಅಷ್ಟೆ. ಸೋಂಕು ಚರ್ಮದ್ದಾಗಿದ್ದರೆ ಕೆಂಪು ಹಾಲೆಗೂ ಇಳಿಯುತ್ತದೆ. ಉರಿಯೂತ ಮೃದ್ವಸ್ಥಿಯದ್ದಾದರೆ ಹಾಲೆ ಪಾರಾಗುತ್ತದೆ.

ಮೃದ್ವಸ್ಥಿಯ ಹೊದಿಕೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದಾಗಲೂ ಹಾಲೆ ಪಾರಾಗಬಹುದು ಎಂಬುದನ್ನು ಮರೆಯಬಾರದು. ಅದು ಸಾಮಾನ್ಯವಾಗಿ ಒಂದೇ ಕಿವಿಗೆ, ಚುಚ್ಚಿಸಿಕೊಂಡ ಅಥವಾ ಪೆಟ್ಟಾದ ಮೇಲೆ ಬರುತ್ತದೆ. ತಡಮಾಡದೆ ಆ್ಯಂಟಿಬಯೋಟಿಕ್ ಬೇಕು. ಆದರೆ ಯಾವ ಗಾಯವೂ ಇಲ್ಲದೆ ಎರಡೂ ಕಿವಿಗೆ ಬಂದರೆ, ಅಥವಾ ಈ ಸಲ ಎಡಕ್ಕೆ ಮುಂದಿನ ಸಲ ಬಲಕ್ಕೆ ಬಂದರೆ, ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ನೆನಪಾಗಬೇಕು. ಇಲ್ಲೊಂದು ಬಲೆ ಇದೆ. ಈ ರೋಗದ ಉಲ್ಬಣ ಕೆಲವು ದಿನಗಳಲ್ಲೋ ವಾರಗಳಲ್ಲೋ ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ, ಗುಣವಾದದ್ದು ಅದರಿಂದಲೇ ಎಂದು ಎಲ್ಲರೂ ನಂಬುತ್ತಾರೆ. ಹೀಗೆ ವರ್ಷಗಳೇ ಕಳೆದುಹೋಗುತ್ತವೆ.

1923ರಲ್ಲಿ ಮೊದಲು ವರದಿಯಾದ ಈ ರೋಗ ಬಹಳ ಅಪರೂಪದ್ದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ಬರುತ್ತದೆ. 40ರಿಂದ 60ರ ವಯಸ್ಸಿನಲ್ಲಿ ಹೆಚ್ಚು. ದೇಹದ ರೋಗನಿರೋಧಕ ವ್ಯವಸ್ಥೆ ಮೃದ್ವಸ್ಥಿಯ ಪ್ರೋಟೀನುಗಳ ಮೇಲೆಯೇ ತಿರುಗಿಬೀಳುತ್ತದೆ: ಕಿವಿ, ಮೂಗು, ಧ್ವನಿಪೆಟ್ಟಿಗೆ, ಶ್ವಾಸನಾಳ, ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗ. ಕಣ್ಣಿನ ಬಿಳಿಭಾಗ, ಒಳಕಿವಿ, ಹೃದಯದ ಕವಾಟ, ಮಹಾಪಧಮನಿಯೂ ತೊಂದರೆಗೆ ಸಿಲುಕಬಹುದು. ಕೀಲುಗಳು ಊದಿಕೊಂಡರೂ, ರುಮಟಾಯ್ಡ್ ಸಂಧಿವಾತದ ಹಾಗೆ ಮೂಳೆಯನ್ನು ಸವೆಸುವುದಿಲ್ಲ. ಹಾಳಾದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಕಿವಿ ಮುದುಡಿ ಜೋತುಬೀಳುತ್ತದೆ, ಮೂಗಿನ ಸೇತುವೆ ಕುಸಿಯುತ್ತದೆ.

ಕಣ್ಣಿಗೆ ಕಾಣುವುದು ಕಿವಿ. ಆದರೆ ಜೀವಕ್ಕೆ ಕುತ್ತು ತರುವುದು ಶ್ವಾಸನಾಳ. ನಮ್ಮ ದೃಷ್ಟಿಯಲ್ಲಿ ಈ ರೋಗದ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದೇ. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಉಂಗುರಗಳು ಸತ್ವ ಕಳೆದುಕೊಂಡರೆ, ಜೋರಾಗಿ ಉಸಿರು ಬಿಟ್ಟಾಗ ನಾಳ ಒಳಕ್ಕೆ ಕುಗ್ಗುತ್ತದೆ. ಧ್ವನಿ ಒಡೆಯುವುದು, ಬಿಡದ ಒಣಕೆಮ್ಮು, ಗಂಟಲಿನ ಮುಂಭಾಗ ಒತ್ತಿದರೆ ನೋವು, ಮಲಗಿದಾಗ ಏದುಸಿರು ಇವು ಮೊದಲ ಸೂಚನೆಗಳು. ಇದನ್ನು ಅಸ್ತಮಾ ಎಂದುಕೊಂಡು ಇನ್‌ಹೇಲರ್ ಕೊಡುವುದುಂಟು. ಕುಸಿಯುತ್ತಿರುವ ಉಂಗುರಕ್ಕೆ ಇನ್‌ಹೇಲರ್ ಏನೂ ಮಾಡಲಾರದು. ಉಸಿರು ಎಳೆಯುವಾಗ ಸಿಳ್ಳೆಯಂಥ ಕರ್ಕಶ ಸದ್ದು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.

ಆದ್ದರಿಂದ ಉಸಿರಾಟದ ದೂರು ಇಲ್ಲದಿದ್ದರೂ ಆರಂಭದಲ್ಲೇ ಎರಡು ಪರೀಕ್ಷೆ ಆಗಲಿ. ಒಂದು, ಉಸಿರು ಎಳೆಯುವ ಮತ್ತು ಬಿಡುವ ಎರಡೂ ವೇಗವನ್ನು ರೇಖೆಯಾಗಿ ತೋರಿಸುವ ಸ್ಪೈರೋಮೆಟ್ರಿ. ಇನ್ನೊಂದು ಸಿಟಿ ಸ್ಕ್ಯಾನ್: ಉಸಿರು ಪೂರ್ತಿ ಎಳೆದು ಹಿಡಿದಾಗ ಒಮ್ಮೆ, ಹೊರಬಿಡುವಾಗ ಮತ್ತೊಮ್ಮೆ. ಉಸಿರು ಎಳೆದು ಹಿಡಿದಾಗಿನ ಸ್ಕ್ಯಾನನ್ನಷ್ಟೇ ತೆಗೆದರೆ ಕುಗ್ಗುವ ನಾಳವೂ ಸರಿಯಾಗಿಯೇ ಕಾಣಬಹುದು. ಶ್ವಾಸನಾಳದ ಹಿಂಗೋಡೆಯಲ್ಲಿ ಮೃದ್ವಸ್ಥಿ ಇಲ್ಲ. ಮುಂದಿನ ಮತ್ತು ಪಕ್ಕದ ಗೋಡೆ ದಪ್ಪಗಾಗಿ ಹಿಂಗೋಡೆ ತೆಳ್ಳಗೇ ಉಳಿದಿದ್ದರೆ, ಕಿವಿಯ ಹಾಲೆ ಹೇಳಿದ ಮಾತನ್ನೇ ಅದೂ ಹೇಳುತ್ತಿದೆ. ಜೊತೆಗೆ ಎಕೋಕಾರ್ಡಿಯೋಗ್ರಾಂ, ಕಣ್ಣಿನ ತಪಾಸಣೆ, ಶ್ರವಣ ಪರೀಕ್ಷೆ. ದಿಢೀರನೆ ಕಿವಿ ಕೇಳಿಸದಾದರೆ ಅದೂ ತುರ್ತು.

ಈ ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಉಲ್ಬಣದ ನಡುವೆಯೂ ಉರಿಯೂತವನ್ನು ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳು ಸಹಜವಾಗಿರಬಹುದು. ರೋಗವನ್ನು ಗುರುತಿಸಲು ಬಳಸುವ 1976ರ ಮ್ಯಾಕ್‌ಆ್ಯಡಮ್ ಮಾನದಂಡ ಆರು ಲಕ್ಷಣಗಳಲ್ಲಿ ಮೂರನ್ನು ಕೇಳುತ್ತದೆ: ಎರಡೂ ಕಿವಿಯ ಉರಿಯೂತ, ಮೂಗಿನದು, ಶ್ವಾಸಮಾರ್ಗದ್ದು, ಕಣ್ಣಿನದು, ಮೂಳೆ ಸವೆಸದ ಸಂಧಿವಾತ, ಒಳಕಿವಿಯ ತೊಂದರೆ. ಮೂರೂ ಕೂಡುವವರೆಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಹಾನಿ ಆಗಿಯೇ ಹೋಗಿರುತ್ತದೆ. ಎರಡು ಜಾಗದಲ್ಲಿ ಉರಿಯೂತವಿದ್ದು ಸ್ಟೀರಾಯ್ಡ್‌ಗೆ ಅದು ಇಳಿದರೂ ಸಾಕು ಎಂದು 1979ರಲ್ಲಿ ಮಾನದಂಡ ಸಡಿಲಿಸಿದ್ದು ಇದಕ್ಕಾಗಿಯೇ. ಉಲ್ಬಣ ಇಳಿದ ಮೇಲೆ ವೈದ್ಯರಿಗೆ ತೋರಿಸಲು ಏನೂ ಉಳಿಯುವುದಿಲ್ಲವಾದ್ದರಿಂದ, ಕೆಂಪಾಗಿರುವಾಗಲೇ ಹಾಲೆಯೂ ಕಾಣುವಂತೆ ಎರಡೂ ಕಿವಿಗಳ ಫೋಟೋ ತೆಗೆದು ತಾರೀಖಿನೊಂದಿಗೆ ಇಟ್ಟುಕೊಳ್ಳಿ.

50 ದಾಟಿದ ಗಂಡಸರಲ್ಲಿ ಈ ಲಕ್ಷಣಗಳ ಜೊತೆ ಜ್ವರ, ಚರ್ಮದ ಗುಳ್ಳೆ, ಕೆಂಪು ರಕ್ತಕಣಗಳು ದೊಡ್ಡದಾಗಿರುವ ರಕ್ತಹೀನತೆ ಇದ್ದರೆ ಯುಬಿಎ1 ಜೀನ್ ಪರೀಕ್ಷೆ ಕೇಳಿ. ಈ ಜೀನ್‌ನ ಬದಲಾವಣೆಯಿಂದ ಬರುವ, 2020ರಲ್ಲಿ ಗುರುತಿಸಲಾದ ವೆಕ್ಸಾಸ್ ಎಂಬ ರೋಗ ಹೀಗೆಯೇ ವೇಷ ಹಾಕಿಕೊಂಡು ಬರುತ್ತದೆ. ಅದು ಮುಂದೆ ಸಾಗುವ ಬಗೆಯೂ ಚಿಕಿತ್ಸೆಯೂ ಬೇರೆ.

ಔಷಧ ಎಷ್ಟು ಬೇಕೆಂಬುದು ರೋಗ ಎಲ್ಲಿದೆ ಎಂಬುದರ ಮೇಲೆ. ಕಿವಿ, ಮೂಗು, ಕೀಲಿಗೆ ಸೀಮಿತವಾಗಿದ್ದರೆ ಉರಿಯೂತ ಇಳಿಸುವ ನೋವುನಿವಾರಕ ಮಾತ್ರೆ, ಕಾಲ್ಚಿಸಿನ್ ಅಥವಾ ಡ್ಯಾಪ್ಸೋನ್. ಡ್ಯಾಪ್ಸೋನ್‌ಗೆ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಆಗಲೇಬೇಕು. ಆ ಕಿಣ್ವದ ಕೊರತೆ ಇದ್ದವರ ರಕ್ತಕಣಗಳು ಒಡೆಯುತ್ತವೆ. ಶ್ವಾಸನಾಳ, ಕಣ್ಣು, ಒಳಕಿವಿ, ಹೃದಯಕ್ಕೆ ತಟ್ಟಿದ್ದರೆ ಪ್ರೆಡ್ನಿಸೋಲೋನ್, ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1 ಮಿಲಿಗ್ರಾಂವರೆಗೆ. ಜೊತೆಗೆ ಸ್ಟೀರಾಯ್ಡ್ ಇಳಿಸಲು ನೆರವಾಗುವ ಮೆಥೋಟ್ರೆಕ್ಸೇಟ್, ಅಜಥಯೋಪ್ರಿನ್ ಮುಂತಾದವು. ಸಾಲದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ಟೋಸಿಲಿಜುಮ್ಯಾಬ್‌ನಂಥ ಜೈವಿಕ ಔಷಧಗಳು. ಮೆಥೋಟ್ರೆಕ್ಸೇಟ್ ನುಂಗುವುದು ವಾರಕ್ಕೊಮ್ಮೆ. ತಪ್ಪಿ ದಿನವೂ ನುಂಗಿದವರ ಪ್ರಾಣ ಹೋದದ್ದುಂಟು. ವಾರದ ಒಂದು ದಿನ ಗೊತ್ತುಮಾಡಿ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ನೋವು ಇಳಿಯಿತೆಂದು ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬೇಡಿ. ರೋಗ ಮರುಕಳಿಸುವುದಷ್ಟೇ ಅಲ್ಲ, ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸಾಲ್‌ನ ಉತ್ಪಾದನೆ ಆ ಹೊತ್ತಿಗೆ ಮಲಗಿಬಿಟ್ಟಿರುತ್ತದೆ.

ಯಾವುದೇ ಶಸ್ತ್ರಚಿಕಿತ್ಸೆಗೆ, ಅದು ಹಲ್ಲಿನದ್ದೇ ಆಗಲಿ, ಅರಿವಳಿಕೆ ಕೊಡುವವರಿಗೆ ರೋಗದ ಹೆಸರನ್ನು ಮೊದಲೇ ಹೇಳಿ, ಸಿಟಿ ವರದಿಯನ್ನೂ ತೋರಿಸಿ. ಉರಿಯೂತವಿರುವ ಶ್ವಾಸನಾಳಕ್ಕೆ ಉಸಿರಾಟದ ಕೊಳವೆ ತಾಗಿದರೆ ಊತ ಹೆಚ್ಚಬಹುದು, ಕಿರಿದಾದ ಕೊಳವೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗಬಹುದು. ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಗೂ ಇದೇ ಎಚ್ಚರಿಕೆ: ಉಸಿರುಗಟ್ಟಿದರೆ ಆ ಕ್ಷಣವೇ ಸಂಭಾಳಿಸುವ ತಂಡ ಪಕ್ಕದಲ್ಲಿರುವ ಕಡೆ ಮಾತ್ರ ಮಾಡಿಸಿಕೊಳ್ಳಿ.