ಗೇಟಿನಿಂದ ಲೈಟುಕಂಬದವರೆಗೆ

ಬೆಳಿಗ್ಗೆ ಆರೂಕಾಲು. ಗೇಟಿನ ಒಳಗೆ ನಾಲ್ಕೂವರೆ ತಿಂಗಳ ಪಾಮ್, ಅಂದರೆ ಪೊಮೆರೇನಿಯನ್ ನಾಯಿಮರಿ ನಿಂತಿದೆ. ತೂಕ 3 ಕೆಜಿ. (ನಮ್ಮ ಊರುಗಳಲ್ಲಿ ಪಾಮ್ ಅಂತ ಕರೆಯೋದರಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಅನ್ನೋ ತಳಿ, ಈ ಪಾಠಕ್ಕೆ ಅದರಿಂದೇನೂ ವ್ಯತ್ಯಾಸವಾಗಲ್ಲ.) ಮೈಗೆ ಹಾರ್ನೆಸ್, ಅಂದರೆ ಎದೆ ಬೆನ್ನು ಸುತ್ತುವ ಪಟ್ಟಿ; ಅದರ ಬೆನ್ನಿನ ಬಳೆಗೆ ಕೈಯಲ್ಲಿ ಹಿಡಿಯುವ ಐದಡಿ ಹಗ್ಗ, ಲೀಶ್. ಬೀದಿಗೆ ಕಾಲಿಡುವುದು ಇವತ್ತೇ ಮೊದಲು. ಮೂರನೇ ಮನೆ ಮುಂದಿನ ಲೈಟುಕಂಬದವರೆಗೆ ಹೋಗಿ ಬರಬೇಕು, ಮೂವತ್ತು ಹೆಜ್ಜೆ. ಅಷ್ಟು ದೂರವೂ ಲೀಶ್ ಸಡಿಲವಾಗಿ ಜೋತಾಡುತ್ತಿರಬೇಕು. ಇವತ್ತಿನ ಪಾಠ ಇಷ್ಟೇ.

ದೊಡ್ಡ ನಾಯಿ ಎಳೆದರೆ ಭುಜ ನೋಯುತ್ತದೆ, ಹಾಗಾಗಿ ಜನ ಅದಕ್ಕೆ ಕಲಿಸುತ್ತಾರೆ. ಮೂರು ಕೆಜಿ ನಾಯಿಯನ್ನು ಒಂದು ಕೈಯಲ್ಲೇ ಎಳೆದುಕೊಂಡು ಹೋಗಬಹುದು, ಬರದಿದ್ದರೆ ಎತ್ತಿಕೊಂಡರಾಯಿತು. ಈ ಸುಲಭದಿಂದಲೇ ಎಷ್ಟೋ ಮನೆಗಳಲ್ಲಿ ಸಣ್ಣ ನಾಯಿಗೆ ಕಲಿಸುವುದೇ ಇಲ್ಲ. ಪೆಟ್ಟು ಬೀಳುವುದು ಮಾತ್ರ ಅದರ ಕುತ್ತಿಗೆಗೆ. ಪಾಮ್, ಯಾರ್ಕಿ, ಚಿವಾವಾದಂಥ ತಳಿಗಳಲ್ಲಿ ಶ್ವಾಸನಾಳದ ಮೆದುಮೂಳೆ ಬಳೆಗಳು ಬಲ ಕಳೆದುಕೊಂಡು ಚಪ್ಪಟೆಯಾಗುವ ತೊಂದರೆ ಜಾಸ್ತಿ. ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು ಬರುತ್ತದೆ, ಕೊರಳ ಬೆಲ್ಟಿನ ಒತ್ತಡಕ್ಕೆ ಅದು ಇನ್ನೂ ಕೆರಳುತ್ತದೆ. ಬೆಲ್ಟ್ ಇರಲಿ, ಅದು ಫೋನ್ ನಂಬರಿನ ಬಿಲ್ಲೆ ತೂಗುಹಾಕುವುದಕ್ಕೆ. ಲೀಶ್ ಸಿಕ್ಕಿಸುವುದು ಹಾರ್ನೆಸ್ಸಿಗೆ.

ಹಾರ್ನೆಸ್ ಕೊಳ್ಳುವ ಮೊದಲು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಬೇಕು, ಕೂದಲನ್ನು ಒತ್ತಿ ಹಿಡಿದು. ಪಾಮಿನ ಮೈಯಲ್ಲಿ ಕಾಣುವ ಅರ್ಧ ದಪ್ಪ ಬರೀ ಕೂದಲು. ಅದನ್ನು ನಂಬಿ ತಂದ ಹಾರ್ನೆಸ್ಸಿನಿಂದ ಮರಿ ಹಿಂದಕ್ಕೆ ಸರಿದು ತಲೆ ಎಳೆದುಕೊಂಡು ಪಾರಾಗುತ್ತದೆ. ಮುಂದಿನಿಂದ ನೋಡಿದರೆ ಎದೆಯ ಮೇಲಿನ ಪಟ್ಟಿ ಇಂಗ್ಲಿಷಿನ ವೈ ಅಕ್ಷರದಂತಿರಬೇಕು; ಅಡ್ಡಪಟ್ಟಿ ಇದ್ದರೆ ಭುಜ ಆಡಲು ಬಿಡುವುದಿಲ್ಲ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು, ಎರಡನೆಯದು ಬಿಗಿಯಾಗಿ. ಬೆಳೆಯುವ ಮರಿ, ಆದ್ದರಿಂದ ವಾರಕ್ಕೊಮ್ಮೆ ಮತ್ತೆ ನೋಡಬೇಕು. ಲೀಶ್ ಅರ್ಧ ಇಂಚು ಅಗಲದ ನೈಲಾನಿನದು ಸಾಕು, ಕೊಕ್ಕೆ ಪುಟ್ಟದಿರಲಿ. ಕಬ್ಬಿಣದ ಚೈನು ಬೇಡ. ಅದರ ಭಾರವೇ ಮರಿಯನ್ನು ಸದಾ ಜಗ್ಗುತ್ತಿರುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಲೀಶೂ ಈಗ ಬೇಡ. ಅದರೊಳಗಿನ ಸ್ಪ್ರಿಂಗ್ ಯಾವಾಗಲೂ ಸ್ವಲ್ಪ ಬಿಗಿ ಹಿಡಿದಿರುತ್ತದೆ, ಎಳೆದರೆ ಮುಂದೆ ಹೋಗಬಹುದು ಎನ್ನುವುದನ್ನೇ ಮರಿ ಕಲಿಯುತ್ತದೆ.

ಬೀದಿಗೆ ಇಷ್ಟು ತಡವಾಗಿ ಇಳಿಸಿದ್ದಕ್ಕೆ ಕಾರಣ ಲಸಿಕೆ. ಮರಿಗಳ ಲಸಿಕೆಯ ಸರಣಿ ಸುಮಾರು 16 ವಾರದವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಬೀದಿಯ ಮಣ್ಣಿನಲ್ಲಿ ಪಾರ್ವೋ ಎಂಬ ಮಾರಕ ವೈರಸ್ಸಿನ ಭಯ. ಆ ದಿನಗಳಲ್ಲಿ ಎತ್ತಿಕೊಂಡೇ ಆಟೋ, ಹಾಲಿನ ಗಾಡಿ, ಮಕ್ಕಳ ಗದ್ದಲ ಎಲ್ಲ ತೋರಿಸಬೇಕು. ಪಾಠ ಮನೆಯೊಳಗೇ ಶುರುವಾಗಿರಬೇಕು. ಮೊದಲ ಮೂರು ದಿನ ಹಾರ್ನೆಸ್ ಬರೀ ಊಟದ ಹೊತ್ತಿಗೆ ಐದು ನಿಮಿಷ. ತಲೆಗೆ ತುರುಕಬಾರದು, ಕುಣಿಕೆಯ ಆಚೆ ತುದಿಯಲ್ಲಿ ತಿನಿಸು ಹಿಡಿದರೆ ಮರಿ ತಾನೇ ಮೂತಿ ತೂರಿಸುತ್ತದೆ. ಆಮೇಲೆ ಲೀಶನ್ನು ಹತ್ತು ನಿಮಿಷ ನೆಲದ ಮೇಲೆ ಎಳೆದಾಡಿಕೊಳ್ಳಲು ಬಿಡಬೇಕು, ಕಣ್ಣೆದುರಲ್ಲೇ, ಯಾಕೆಂದರೆ ಕುರ್ಚಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಕೈಗೆ ಹಿಡಿಯುವುದು ಎರಡನೇ ವಾರಕ್ಕೆ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ.

ತಿನಿಸು ತೊಗರಿಬೇಳೆ ಗಾತ್ರಕ್ಕಿಂತ ದೊಡ್ಡದು ಬೇಡ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಇಲ್ಲವಾದರೆ ಪನೀರ್. ಅಷ್ಟನ್ನು ಆ ಹೊತ್ತಿನ ಊಟದಲ್ಲಿ ಕಡಿಮೆ ಮಾಡಿ. ಸಣ್ಣ ನಾಯಿಗೆ ಕೊಡುವುದರಲ್ಲಿ ಒಂದು ತೊಡಕಿದೆ. ನಮ್ಮ ಕೈ ಅದರ ಮೂತಿಗಿಂತ ಎರಡಡಿ ಮೇಲಿರುತ್ತದೆ, ಮರಿ ಹಿಂಗಾಲ ಮೇಲೆ ನಿಂತು ಕುಣಿಯಲು ಶುರುಮಾಡುತ್ತದೆ. ಪ್ರತಿ ಸಲ ಬಗ್ಗಿದರೆ ಬೆನ್ನು ಉಳಿಯುವುದಿಲ್ಲ. ಉದ್ದ ಹಿಡಿಯ ಮರದ ಸೌಟಿನ ತುದಿಗೆ ಗಟ್ಟಿ ಮೊಸರು ಸವರಿ ಎಡಗಾಲಿನ ಪಕ್ಕ ಇಳಿಸಿದರೆ ನಾಲ್ಕೂ ಕಾಲು ನೆಲದ ಮೇಲಿಟ್ಟೇ ನೆಕ್ಕುತ್ತದೆ. ನೋಡಿದವರಿಗೆ ವಿಚಿತ್ರ ಅನ್ನಿಸಬಹುದು, ಆದರೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯ ಬೇರೆ ಇಲ್ಲ.

ಗೇಟು ತೆಗೆದ ಕೂಡಲೇ ಮರಿ ಮುನ್ನುಗ್ಗುತ್ತದೆ. ಗೇಟು ಮುಚ್ಚಿ. ಲೀಶ್ ಸಡಿಲವಾಯಿತೇ, ಮತ್ತೆ ತೆಗೆಯಿರಿ. ಐದಾರು ಸಲ ಆಗಬಹುದು, ಆಗಲಿ. ರಸ್ತೆಗಿಳಿದ ಮೇಲೂ ಇದೇ ನಿಯಮ. ಬಿಗಿಯಾದ ಕ್ಷಣ ನಿಂತುಬಿಡಿ. ಹಿಂದಕ್ಕೆ ಜಗ್ಗಬೇಡಿ, ಜಗ್ಗಿದರೆ ಅದೂ ಎದುರು ಜಗ್ಗುತ್ತದೆ. ಸುಮ್ಮನೆ ಕಾಯಿರಿ. ಮರಿ ಒಂದು ಸಲ ತಿರುಗಿ ನೋಡುತ್ತದೆ, ಲೀಶಿನ ನಡು ಭಾಗ ಕೆಳಗೆ ಬಾಗುತ್ತದೆ. ಆ ಗಳಿಗೆಗೆ ‘ಬಾ’ ಅನ್ನಿ, ಕಾಲ ಪಕ್ಕದಲ್ಲಿ ತಿನಿಸು ಕೊಡಿ, ನಡೆಯಿರಿ. ಕೆಟ್ಟುಹೋಗುವುದು ಎಲ್ಲಿ ಅಂದರೆ, ಅವಸರವಿದ್ದ ದಿನ ಮರಿ ಎಳೆದರೂ ನಿಲ್ಲದೆ ನಡೆದುಬಿಡುತ್ತೇವೆ. ಹತ್ತರಲ್ಲಿ ಎರಡು ಸಲ ಗೆದ್ದರೆ ಸಾಕು, ಉಳಿದ ಎಂಟು ಸಲವೂ ಅದು ಇನ್ನಷ್ಟು ಹೊತ್ತು ಎಳೆದು ನೋಡುತ್ತದೆ. ಅಜ್ಜ ಒಂದು ರೀತಿ, ಮೊಮ್ಮಗಳು ಒಂದು ರೀತಿ ನಡೆಸಿದರೂ ಹೀಗೇ ಆಗುತ್ತದೆ.

ಚರಂಡಿ ಕಲ್ಲಿನ ಹತ್ತಿರ ಸ್ಕೂಟರೊಂದು ಹಾದುಹೋಯಿತು. ಮರಿ ಹೊಟ್ಟೆ ನೆಲಕ್ಕೆ ಹಚ್ಚಿ ಕೂತುಬಿಟ್ಟಿತು, ಕಿವಿ ಹಿಂದಕ್ಕೆ, ಬಾಲ ಬೆನ್ನಿನಿಂದ ಕೆಳಗಿಳಿದಿದೆ. ಇದು ಹಟವಲ್ಲ, ಹೆದರಿಕೆ. ಈಗ ಎಳೆದರೆ ಬೀದಿ ಅಂದರೇ ಭಯ ಅಂತ ಮನಸ್ಸಿಗೆ ಕೂರುತ್ತದೆ. ಅದಕ್ಕೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಲೀಶ್ ಪೂರ್ತಿ ಸಡಿಲ ಬಿಟ್ಟು ಕಾಯಬೇಕು. ಮೈ ಒದರಿಕೊಂಡರೆ, ನೆಲ ಮೂಸಿದರೆ ಭಯ ಇಳಿಯಿತು ಅಂತ. ಆಗ ಮನೆ ಕಡೆಗೆ ಒಂದಡಿ ದೂರದಲ್ಲಿ ತಿನಿಸು ಹಾಕಿ. ತಿನಿಸನ್ನೇ ಮುಟ್ಟದಿದ್ದರೆ ಆ ದಿನಕ್ಕೆ ಸಾಕು, ವಾಪಸ್ ಬನ್ನಿ.

ಬೀದಿನಾಯಿಗಳನ್ನು ಮರಿಗಿಂತ ಮೊದಲು ನಾವು ನೋಡಿರಬೇಕು. ದೂರದಲ್ಲಿ ಕಂಡಾಗಲೇ ರಸ್ತೆಯ ಆಚೆ ಬದಿಗೆ ಸುತ್ತಿಕೊಂಡು ಹೋಗುವುದು, ಓಡದೆ. ನೇರ ಮೇಲೆ ಬಂದರೆ ಎದೆ ಮತ್ತು ಹಿಂಭಾಗದ ಕೆಳಗೆ ಕೈ ಕೊಟ್ಟು ಎತ್ತಿಕೊಳ್ಳಿ, ಹಾರ್ನೆಸ್ ಹಿಡಿದು ಮೇಲೆತ್ತಬೇಡಿ.

ಲೈಟುಕಂಬ ಬಂತು. ಇಲ್ಲಿ ಎರಡು ನಿಮಿಷ ಮೂಸಲು ಬಿಡಿ. ಅದರ ಪಾಲಿಗೆ ಇಡೀ ಬೀದಿಯ ಸುದ್ದಿ ಇಲ್ಲಿದೆ. ಹೋಗಿ ಬರುವುದೆಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ಬೇಸಿಗೆಯಲ್ಲಿ ತಡವಾಗಿ ಹೊರಟರೆ ಡಾಂಬರಿನ ಮೇಲೆ ಅಂಗೈ ಹಿಂಬದಿ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು.

ಒಳಗೆ ಬಂದ ಮೇಲೆ ಹಾರ್ನೆಸ್ ಬಿಚ್ಚಿ ಕಂಕುಳು ನೋಡಬೇಕು. ಅಲ್ಲಿ ಕೂದಲು ಗಂಟುಕಟ್ಟಿದ್ದರೆ ಬಾಚಿ ಬಿಡಿಸಿ, ಚರ್ಮ ಕೆಂಪಾಗಿದ್ದರೆ ಪಟ್ಟಿ ತುಸು ಸಡಿಲಿಸಿ, ಎರಡು ದಿನ ಬಿಡುವು ಕೊಡಿ. ಇಲ್ಲದಿದ್ದರೆ ನಾಳೆಯೂ ಇದೇ ಲೈಟುಕಂಬ. ಮೂರು ದಿನ ಒಂದೇ ಸಮನೆ ಲೀಶ್ ಬಿಗಿಯಾಗದೆ ಹೋಗಿಬಂದರೆ ಆಮೇಲೆ ತಿರುವಿನ ಕಿರಾಣಿ ಅಂಗಡಿಯವರೆಗೆ.